ಚೀಟಿ ಇಲ್ಲದ ಕಿಂಡಿ

ಪೆಟ್ಟಿಗೆಯೊಳಗೆ ಫ್ಯಾನು ತಿರುಗುತ್ತಿತ್ತು. ಮುಂದಿನ ನೀಲಿ ದೀಪವೂ ಹತ್ತಿತ್ತು. ಪರದೆ ಮಾತ್ರ ಒಮ್ಮೆ ಮಿಣುಕಿ, ಸಿಗ್ನಲ್ ಇಲ್ಲವೆಂದು ಒಂದು ಸಾಲು ತೋರಿಸಿ, ಮತ್ತೆ ಕಪ್ಪಾಯಿತು.

“ಏನಾಯ್ತು?” ಎಂದರು ಕ್ರೇನಪ್ಪ, ಕಿಟಕಿಯ ಪಕ್ಕದ ಕುರ್ಚಿಯಿಂದ.

“ಏನೂ ಆಗಿಲ್ಲ.”

“ಅದೇ ಕೇಳಿದ್ದು. ಏನೂ ಯಾಕೆ ಆಗಿಲ್ಲ ಅಂತ.”

ಎಕ್ಸ್‌ಚೇಂಜಮ್ಮ ಮತ್ತೆ ಪೆಟ್ಟಿಗೆಯ ಮೇಲೆ ಬಗ್ಗಿದಳು. ಊಟದ ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ, ಅದರ ಮೇಲೆ ಕಂಪ್ಯೂಟರನ್ನು ಮಗುವನ್ನು ಮಲಗಿಸುವ ಹಾಗೆ ಒಂದು ಮಗ್ಗುಲಿಗೆ ಮಲಗಿಸಿದ್ದಳು. ಬಿಚ್ಚಿದ ತಿರುಪುಗಳು ಬಟ್ಟಲಲ್ಲಿದ್ದವು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದಳು. ಕನ್ನಡಕ ಒರೆಸಿದ್ದಕ್ಕೆ ಪರದೆ ಬೆಳಗುವುದುಂಟೆ?

ಆಕೆ ಮೂವತ್ತೊಂದು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕರೆಗಳನ್ನು ಜೋಡಿಸಿದವಳು. ಹಾಗಾಗಿ ಬೀದಿಯವರ ಬಾಯಲ್ಲಿ ಎಕ್ಸ್‌ಚೇಂಜಮ್ಮ. ಗಂಡ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವರು, ಹಾಗಾಗಿ ಕ್ರೇನಪ್ಪ. ಇವಳು ಮಾತು ಎತ್ತಿಕೊಡುವವಳು, ಅವರು ಮೂಟೆ ಎತ್ತಿಳಿಸುವವರು. ಇಬ್ಬರೂ ನಿವೃತ್ತರಾಗಿ ಇನ್ನು ಏನನ್ನೂ ಎತ್ತುವುದಿಲ್ಲ ಎಂದು ಕಾಲು ಚಾಚಿ ಕೂತಿದ್ದಾಗ, ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದ ಕ್ರೇನಪ್ಪನ ಕೈಯಿಂದ ಬ್ರಷ್ಷು ಬಿತ್ತು. ಬಗ್ಗಿ ತೆಗೆದುಕೊಳ್ಳಲು ಹೋದರೆ ಕೈ ಬರಲಿಲ್ಲ.

ಮಾತು ಒಂದು ತಿಂಗಳಿಗೆ ಮರಳಿತು, ಕಾಲು ಎರಡು ತಿಂಗಳಿಗೆ. ಬಲಗೈ ಮಾತ್ರ ಯಾರೋ ತಂದು ತೊಡೆಯ ಮೇಲಿಟ್ಟು ಮರೆತುಹೋದ ವಸ್ತುವಿನ ಹಾಗೆ ಉಳಿಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹೆಂಗಸು, ಕ್ರೇನಪ್ಪ ಅವಳಿಗಿಟ್ಟ ಹೆಸರು ಕಸರತ್ತಿನ ಮೇಡಂ, ಜೇಡಿಮಣ್ಣು ಹಿಸುಕಿಸಿದಳು, ಕಾಳು ಹೆಕ್ಕಿಸಿದಳು, ಬಟ್ಟೆಯ ಕ್ಲಿಪ್ಪು ಹಾಕಿಸಿ ತೆಗೆಸಿದಳು. “ನಾನೇನು ಶಿಶುವಿಹಾರಕ್ಕೆ ಸೇರಿದೀನಾ?” ಎಂದು ಅವರು ಕಾಳಿನ ತಟ್ಟೆಯನ್ನು ಎಡಗೈಯಿಂದ ನೂಕಿಬಿಟ್ಟಿದ್ದರು. ಆಗ ಮೇಡಂ ಎಲ್ಲಿಂದಲೋ ಕ್ರೇನು ಕಲಿಯುವವರಿಗೆಂದು ಮಾಡಿದ ಒಂದು ಆಟದಂಥದ್ದನ್ನು ಹುಡುಕಿ ತಂದು, ತನ್ನ ಕೋಣೆಯ ಕಂಪ್ಯೂಟರಿಗೆ ಹಾಕಿ, ಒಂದು ಹಿಡಿಕೆಯನ್ನು ಅವರ ಬಲಗೈಗೆ ಕೊಟ್ಟಳು. ಚಮಚ ಎತ್ತಲಾರದ ಕೈ ಆ ಹಿಡಿಕೆಯನ್ನು ನಲವತ್ತು ನಿಮಿಷ ಬಿಡಲಿಲ್ಲ. ಎಕ್ಸ್‌ಚೇಂಜಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಒಳಗಿನಿಂದ ಗಂಡ ಬೈಯುವುದನ್ನು ಕೇಳಿಸಿಕೊಂಡಳು: “ತೂಗ್ತಾ ಇರೋ ಮೂಟೆ ಇಳಿಸಬಾರದು ಕಣಮ್ಮ, ಕಾಯಬೇಕು, ಅದು ತಾನಾಗಿ ನಿಲ್ಲಬೇಕು!” ಎಂಟು ತಿಂಗಳಲ್ಲಿ ಅವರು ಬೇರೊಬ್ಬರಿಗೆ ಏನನ್ನಾದರೂ ಕಲಿಸಿದ್ದು ಅದೇ ಮೊದಲು.

ಆದರೆ ಅಲ್ಲಿ ಒಬ್ಬೊಬ್ಬರಿಗೆ ಹನ್ನೆರಡೇ ಸರದಿ. ಹನ್ನೆರಡೂ ಮುಗಿದವು. “ಮತ್ತೆ ನಿಮ್ಮ ಸರದಿ ಮೂರು ತಿಂಗಳಿಗೆ. ಅಷ್ಟರವರೆಗೆ ಬಿಟ್ರೆ ಕೈ ಮತ್ತೆ ಮಲಗಿಬಿಡತ್ತೆ. ಮನೇಲಿ ಕಂಪ್ಯೂಟರ್ ಇದ್ಯಾ?” ಎಂದು ಮೇಡಂ ಕೇಳಿದಳು. ಇತ್ತು. ಹತ್ತು ವರ್ಷದ ಹಿಂದೆ ಕೊಂಡದ್ದು, ಕಂಪನಿಯಿಂದಲೇ ಜೋಡಣೆಯಾಗಿ ಬಂದ ತೆಳ್ಳನೆಯ ಪೆಟ್ಟಿಗೆ. ಮೇಡಂ ತಾನೇ ಬಂದು ಆಟವನ್ನು ಅದಕ್ಕೆ ಹಾಕಿ, ಹಿಡಿಕೆಯನ್ನೂ ಕೊಟ್ಟಳು. ಪರದೆಯ ಮೇಲಿನ ಕ್ರೇನು ಒಂದು ಹೆಜ್ಜೆ ಇಟ್ಟು, ಹತ್ತು ಎಣಿಸುವಷ್ಟು ಹೊತ್ತು ನಿಂತು, ಮತ್ತೊಂದು ಹೆಜ್ಜೆ ಇಟ್ಟಿತು. “ನನಗಿಂತ ಇದಕ್ಕೇ ಲಕ್ವ ಹೊಡೆದಿದೆ,” ಎಂದರು ಕ್ರೇನಪ್ಪ. ಚಿತ್ರ ಮೂಡಿಸುವುದಕ್ಕೆಂದೇ ಗ್ರಾಫಿಕ್ಸ್ ಕಾರ್ಡು ಅಂತ ಬೇರೆ ಬರುತ್ತದೆ, ಅದನ್ನು ಹಾಕಿದರೆ ನಡೆದೀತು ಎಂದು ಹೇಳಿ ಮೇಡಂ ಹೋದಳು.

ಅವಳು ಗೇಟು ದಾಟುವುದನ್ನೇ ಕಾದಿದ್ದವರಂತೆ ಕ್ರೇನಪ್ಪ ಹೆಂಡತಿಗೆ ಹೇಳಿದ್ದರು: “ಇದೇ ಕೊನೆ. ಇದೂ ನಡೀಲಿಲ್ಲ ಅಂದ್ರೆ ನನ್ನನ್ನೂ ಈ ಕೈಯನ್ನೂ ನಮ್ಮ ಪಾಡಿಗೆ ಬಿಟ್ಬಿಡು. ಇನ್ನೊಂದು ಕಸರತ್ತು ಅಂತ ಬಾಯಿ ತೆಗೀಬಾರದು.”

“ಆಯ್ತು,” ಎಂದಿದ್ದಳು ಆಕೆ. ಆಡಿದರೆ ಆಡಿದಂತೆ ನಡೆಯುವ ಮನುಷ್ಯ. ಅದೇ ಆಕೆಯ ಭಯ.

ಪೆಟ್ಟಿಗೆಯ ಉದ್ದಗಲವನ್ನೆಲ್ಲ ಟೇಪು ಹಿಡಿದು ಅಳೆದು ಬರೆದುಕೊಂಡು ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಆ ಕಾಗದ ನೋಡಿ ನಕ್ಕಿದ್ದ. “ಈ ಕಂಪನಿ ಪೆಟ್ಟಿಗೆ ಅಂದ್ರೆ ಬಿಗಿ ಅತ್ತೆ ಇರೋ ಮನೆ ಇದ್ದ ಹಾಗೆ ಅಮ್ಮಾ. ಹೊಸಬರು ಬಂದ್ರೆ ಕಾಲಿಡೋಕೆ ಜಾಗಾನೂ ಕೊಡಲ್ಲ, ಹೊಟ್ಟೆಗೆ ಕರೆಂಟೂ ಹಾಕಲ್ಲ.” ಹಾಗೆಂದು ಹುಡುಕಿ ಹುಡುಕಿ ಒಂದು ಗಿಡ್ಡನೆಯ ಕಾರ್ಡು ಕೊಟ್ಟಿದ್ದ. ಅದಕ್ಕೆ ಪ್ರತ್ಯೇಕ ಕರೆಂಟಿನ ವೈರು ಬೇಡ, ಇರುವುದರಲ್ಲೇ ಹೊಂದಿಕೊಂಡು ಹೋಗುತ್ತದೆ. “ಒಳ್ಳೇ ಸೊಸೆ,” ಎಂದಿದ್ದಳು ಎಕ್ಸ್‌ಚೇಂಜಮ್ಮ. ಮುಂದಿನ ವಾರ ನಾನೇ ಬಂದು ಹಾಕಿಕೊಡುತ್ತೇನೆ ಎಂದು ಅವನು ಹೇಳಿದ್ದಕ್ಕೆ, ವಾರ ಕಾಯುವ ಹಾಗಿಲ್ಲಪ್ಪ ಎಂದು ಹೇಗೆ ಹಾಕಬೇಕೆಂದು ಕೇಳಿ ಬರೆದುಕೊಂಡು ಬಂದಿದ್ದಳು.

ಬರೆದುಕೊಂಡದ್ದನ್ನು ಒಂದೊಂದಾಗಿ ಮಾಡಿದ್ದಳು. ಕರೆಂಟು ತೆಗೆದಳು. ಮೈಯಲ್ಲಿರುವ ಕರೆಂಟು ಇಳಿಯಲೆಂದು ಪೆಟ್ಟಿಗೆಯ ಬರಿ ತಗಡನ್ನು ಮುಟ್ಟಿದಳು. ಪೆಟ್ಟಿಗೆಯ ಬೆನ್ನಿಗೆ ಕೂರಲೆಂದು ಕಾರ್ಡಿನ ತುದಿಗಿದ್ದ ಉದ್ದನೆಯ ತಗಡಿನ ಪಟ್ಟಿ ಬಿಚ್ಚಿ, ಡಬ್ಬಿಯಲ್ಲೇ ಇದ್ದ ಮೋಟು ಪಟ್ಟಿ ಕೂಡಿಸಿದಳು. ಟಕ್ ಎನ್ನುವವರೆಗೆ ಒತ್ತಿದಳು. ಅದೆಲ್ಲಕ್ಕೂ ಮೊದಲು, ಅಂಗಡಿಯವನು ಹೇಳದಿದ್ದ ಒಂದು ಕೆಲಸವನ್ನೂ ಮಾಡಿದ್ದಳು. ಪೆಟ್ಟಿಗೆಯ ಬೆನ್ನಿಗಿದ್ದ ಒಂದೊಂದು ವೈರು ಬಿಚ್ಚುವ ಮುಂಚೆ ವೈರಿಗೊಂದು ಚೀಟಿ, ಅದರ ಕಿಂಡಿಗೊಂದು ಚೀಟಿ ಅಂಟಿಸಿ ಎರಡರ ಮೇಲೂ ಒಂದೇ ಅಂಕಿ ಬರೆದಿದ್ದಳು. ಒಂದು ಕರೆಂಟಿನದು, ಎರಡು ಕೀಲಿಮಣೆಯದು, ಮೂರು ಪರದೆಯದು. ಬೋರ್ಡಿನ ಕಾಲದಿಂದ ಬಂದ ಕಟ್ಟಳೆ ಅದು: ಬಿಚ್ಚಿದ ವೈರು ಬಿಚ್ಚಿದ ಕಿಂಡಿಗೇ ಹೋಗಬೇಕು, ಚೀಟಿ ಇಲ್ಲದ ಕಿಂಡಿಗೆ ಕೈ ಹಾಕಬಾರದು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಒಮ್ಮೆ ಹಾಕಿದ್ದಳು. ಹೆರಿಗೆ ವಾರ್ಡಿನಿಂದ ‘ಗಂಡು ಮಗು’ ಎಂಬ ಸುದ್ದಿ ಹೋಗಿ ಶವಾಗಾರದವನ ಕಿವಿಗೆ ಬಿದ್ದು, ಅವನು “ಯಾವಾಗ ಕಳಿಸ್ತೀರಿ?” ಎಂದು ಕೇಳಿದ್ದ. ಆಮೇಲೆ ಮೂವತ್ತೊಂದು ವರ್ಷ ಆಕೆಯ ಕೈ ತಪ್ಪಲಿಲ್ಲ.

ಈಗ ಏನು ತಪ್ಪಿದೆ?

ಮತ್ತೆ ಎಲ್ಲ ಬಿಚ್ಚಿದಳು. ಕಾರ್ಡು ತೆಗೆದು, ಊದಿ, ಕೂರಿಸಿ, ಚೀಟಿ ನೋಡಿ ವೈರು ಸಿಕ್ಕಿಸಿದಳು. ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಫ್ಯಾನು ತಿರುಗಿತು. ಪರದೆ ಕಪ್ಪು. ಕಾರ್ಡನ್ನು ಹೊರಗಿಟ್ಟು ಗುಂಡಿ ಒತ್ತಿ ನೋಡಿದಳು. ಹಳೆಯ ಚಿತ್ರ ಏನೂ ಆಗಿಲ್ಲವೆಂಬಂತೆ ಬಂದು ಕೂತಿತು. ಕಾರ್ಡು ಹಾಕಿದಳು, ಕಪ್ಪು. ತೆಗೆದರೆ ಬೆಳಕು, ಹಾಕಿದರೆ ಕತ್ತಲು. ಚಿತ್ರ ಮೂಡಿಸಲೆಂದು ತಂದದ್ದು ಇದ್ದ ಚಿತ್ರವನ್ನೂ ನುಂಗುವುದೆಂದರೆ? ಆಕೆಗೆ ತಲೆಬುಡ ತಿಳಿಯಲಿಲ್ಲ. ಬಟ್ಟಲಿನ ತಿರುಪು ಎಣಿಸಿದಳು. ಏಳಿದ್ದವು. ಮೊದಲೂ ಏಳೇ ಇದ್ದದ್ದು.

ಅಂಗಡಿಗೆ ಫೋನು ಮಾಡಿದಳು.

“ಫ್ಯಾನ್ ತಿರುಗ್ತಿದ್ಯಾ ಅಮ್ಮಾ? ಕಾರ್ಡು ಪೂರ್ತಿ ಒಳಗೆ ಕೂತಿದ್ಯಾ?”

“ಕೂತಿದೆ. ಅಲ್ಲಾಡಲ್ಲ.”

“ವೈರೆಲ್ಲ ಸರಿಯಾಗಿ ಹಾಕಿದ್ದೀರಾ?”

ಎಕ್ಸ್‌ಚೇಂಜಮ್ಮನ ಬೆನ್ನು ನೆಟ್ಟಗಾಯಿತು. “ಏನಪ್ಪಾ, ನೀನು ಹುಟ್ಟೋಕೆ ಮುಂಚಿನಿಂದ ವೈರು ಹಾಕಿದೋಳು ನಾನು. ಒಂದೂ ಆಚೀಚೆ ಆಗಿಲ್ಲ. ಎಲ್ಲಾ ಇದ್ದಲ್ಲೇ ಹಾಕಿದೀನಿ.”

ಆ ದನಿಗೆ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. “ಹಾಗಾದ್ರೆ ಕಾರ್ಡೇ ಹೋಗಿರಬೇಕು. ತನ್ನಿ, ಬದಲಾಯಿಸಿ ಕೊಡೋಣ. ಆದ್ರೆ ಈ ಗಿಡ್ಡ ಕಾರ್ಡು ಇನ್ನೊಂದಿಲ್ಲ, ತರಿಸಬೇಕು. ಒಂದು ತಿಂಗಳು ಆಗಬಹುದು.”

ಫೋನು ಇಟ್ಟಳು. ಕ್ರೇನಪ್ಪ ಕೇಳಿಸಿಕೊಂಡಿದ್ದರು.

“ಸರಿ. ಮುಚ್ಚಿಡು,” ಎಂದರು.

“ಒಂದು ತಿಂಗಳು ತಾನೇ ರೀ…”

“ಮುಚ್ಚಿಡು ಅಂದೆ. ಮಾತಾಗಿದೆ ನಮ್ಮಿಬ್ಬರಿಗೂ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಆಕೆಗೆ ಎಷ್ಟೋ ಸಮಾಧಾನವಿರುತ್ತಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಕಿಟಕಿಯ ಕಡೆ ತಿರುಗಿ ಕೂತರು. ಎಕ್ಸ್‌ಚೇಂಜಮ್ಮ ತಗಡಿನ ಮುಚ್ಚಳ ತೆಗೆದುಕೊಂಡಳು. ಅದನ್ನು ಕೂರಿಸಲು ಪೆಟ್ಟಿಗೆಯನ್ನು ಅರ್ಧ ಸುತ್ತು ತಿರುಗಿಸಿದಾಗ ಅದರ ಬೆನ್ನು ಕಿಟಕಿಯ ಕಡೆಗೆ ಬಂತು. ಮೊದಲ ತಿರುಪು ಹಾಕಿದಳು. ಎರಡನೆಯದು ಕೈ ಜಾರಿ ನೆಲಕ್ಕೆ ಬಿದ್ದು ಉರುಳಿತು. ಕ್ರೇನಪ್ಪ ಸದ್ದಿಗೆ ತಿರುಗಿದರು.

“ಕುರ್ಚಿ ಕೆಳಗೆ ಹೋಯ್ತು,” ಎಂದರು. ಆಕೆ ಬಗ್ಗಿ ತಡಕಾಡುತ್ತಿದ್ದಾಗ ಅವರ ಕಣ್ಣು ಪೆಟ್ಟಿಗೆಯ ಬೆನ್ನ ಮೇಲೇ ಇತ್ತು. “ಲೇ, ಆ ಹೊಸ ಪಟ್ಟೀಲಿ ಎರಡು ಕಿಂಡಿ ಇದ್ದಾವಲ್ಲ, ಅವಕ್ಕೇನೂ ಹಾಕಲ್ವಾ?”

“ಅವಕ್ಕೆ ಚೀಟಿ ಇಲ್ಲ ರೀ,” ಎಂದಳು ಆಕೆ ಕುರ್ಚಿಯ ಕೆಳಗಿನಿಂದ.

“ಇವತ್ತು ಬಂದಿರೋದು ಅದು. ಅದಕ್ಕೆ ಚೀಟಿ ಎಲ್ಲಿಂದ ಬರಬೇಕು?”

ಎಕ್ಸ್‌ಚೇಂಜಮ್ಮ ತಿರುಪು ಹಿಡಿದುಕೊಂಡು ಎದ್ದಳು. ಅವರು ಹುಬ್ಬು ಗಂಟಿಕ್ಕಿ ವೈರಿನ ಜಾಡು ಹಿಡಿಯುತ್ತಿದ್ದರು: ಪರದೆಯಿಂದ ಮೇಜಿಗೆ, ಮೇಜಿನಿಂದ ಮೂರು ಎಂದು ಬರೆದಿದ್ದ ಹಳೆಯ ಕಿಂಡಿಗೆ.

“ಎತ್ತೋದು ಯಾರು, ಹೊಸದು ತಾನೇ?”

“ಹೂಂ.”

“ಹೊಸ ಕ್ರೇನು ತಂದು ನಿಲ್ಲಿಸಿ, ಮೂಟೇನ ಹಳೇ ಕ್ರೇನಿನ ಕೊಕ್ಕೆಗೇ ಸಿಕ್ಕಿಸಿದ್ರೆ ಹೇಗೆ ಕಣೇ?”

ಆಕೆ ಪೆಟ್ಟಿಗೆ ನೋಡಿದಳು, ಚೀಟಿ ನೋಡಿದಳು, ಗಂಡನನ್ನು ನೋಡಿದಳು. ಹಳೆಯ ಕಿಂಡಿ, ಹೊಸ ಕಿಂಡಿ, ಎರಡರ ಬಾಯಿಯೂ ಒಂದೇ ಆಕಾರ. ಇದುವರೆಗೆ ಅದು ಕಂಡಿರಲೇ ಇಲ್ಲ. ಕೈ ಚಾಚಿದಳು. ಬೆರಳುಗಳು ಮೂರನೆಯ ವೈರಿನ ತನಕ ಹೋಗಿ ನಿಂತವು.

“ಬರ್ತಿಲ್ಲ ರೀ,” ಎಂದಳು. ತನಗೇ ನಗು ಬಂತು, ನಗುವ ಹೊತ್ತಲ್ಲವೆಂದೂ ಅನಿಸಿತು. “ಕೈ ಮುಂದಕ್ಕೆ ಹೋಗ್ತಿಲ್ಲ.”

“ಓಹೋ, ನಿನಗೂ ಹತ್ತಿತಾ?” ಎಂದು ಕ್ರೇನಪ್ಪ ಕುರ್ಚಿಯ ಹಿಡಿ ಒತ್ತಿಕೊಂಡು ಎದ್ದರು. ಮೇಜಿನ ಬಳಿ ಬಂದು, ಎಡಗೈಯಿಂದ ಬಲಗೈ ಎತ್ತಿ ಪೆಟ್ಟಿಗೆಯ ಬೆನ್ನಿಗೆ ಒರಗಿಸಿದರು. “ಚುಚ್ಚೋ ತಪ್ಪು ನನ್ನ ತಲೆ ಮೇಲಿರಲಿ. ಕರೆಂಟು ತೆಗಿ.”

ತೆಗೆದಳು. ಅವರ ಬಲಗೈ ಬೆರಳುಗಳು ವೈರಿನ ಮೂತಿಯ ಸುತ್ತ ಒಂದೊಂದಾಗಿ, ಯಾವುದು ಮೊದಲೆಂದು ತಮ್ಮೊಳಗೇ ಚರ್ಚೆ ಮಾಡುತ್ತಿರುವಂತೆ, ಮುಚ್ಚಿಕೊಂಡವು. ಎಳೆದರು. ಬರಲಿಲ್ಲ. ಮತ್ತೆ ಎಳೆದರು, ಬಂತು. ಎಕ್ಸ್‌ಚೇಂಜಮ್ಮನ ಕೈ ತಾನಾಗಿ ಮುಂದಕ್ಕೆ ಹೋಯಿತು. ಸಹಾಯ ಮಾಡಬೇಡಿ ಎಂದು ಮೇಡಂ ಹನ್ನೆರಡು ಸರದಿಯಲ್ಲೂ ಹೇಳಿದ್ದು ನೆನಪಾಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮೂತಿ ಪಟ್ಟಿಗೆ ತಾಗಿ ಜಾರಿತು. ಎರಡನೆಯ ಸಲ ತಲೆಕೆಳಗಾಗಿತ್ತು. ಮಣಿಕಟ್ಟು ತಿರುಗಬೇಕು, ಅದು ತಿರುಗುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು ಮೂಡಿ ಮೂಗಿನ ತುದಿಗಿಳಿಯಿತು. ಮೂರನೆಯ ಸಲ ಒಳಗೆ ಹೋಯಿತು.

ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಬೆಳಗಿತು, ಅಕ್ಷರಗಳು ದಪ್ಪದಪ್ಪ, ಚಿತ್ರ ಕಲಸಿದ ಹಿಟ್ಟಿನ ಹಾಗೆ. “ಇದಾ?” ಎಂದರು ಕ್ರೇನಪ್ಪ. “ಗೊತ್ತಿಲ್ಲ,” ಎಂದಳು. ಕಂಪ್ಯೂಟರು ತಾನಾಗಿಯೇ ಏನನ್ನೋ ತರಿಸಿಕೊಳ್ಳುತ್ತಾ ಅರ್ಧ ಗಂಟೆ ಕೂತಿತು. ನಡುವೆ ಒಮ್ಮೆ ಪೂರ್ತಿ ಕಪ್ಪಾಯಿತು. ಮತ್ತೆ ಬಂತು, ಈ ಸಲ ತೊಳೆದಿಟ್ಟ ಗಾಜಿನ ಹಾಗೆ.

ಆಟ ತೆರೆಯಿತು. ಬಂದರು, ನೀರು, ಹಳದಿ ಕ್ರೇನು. ಕ್ರೇನಪ್ಪ ಹಿಡಿಕೆಯ ಮೇಲೆ ಬಲಗೈ ಇಟ್ಟು ಒಂದಿಷ್ಟು ಸರಿಸಿದರು. ಮೂಟೆ ಎಲ್ಲೂ ತಡೆಯದೆ ಮೇಲಕ್ಕೆ ಎದ್ದು, ಪಕ್ಕಕ್ಕೆ ಸರಿದು, ಹಡಗಿನ ಮೇಲೆ ಬಂದು ತೂಗತೊಡಗಿತು.

“ಇಳಿಸಿ ರೀ.”

“ಷ್. ತೂಗ್ತಾ ಇದೆ.”

ಹಳೆಯ ಕಿಂಡಿಯಿಂದ ಕಿತ್ತ ಮೂರನೆಯ ಚೀಟಿ ಆಕೆಯ ತೋರುಬೆರಳಿಗೆ ಅಂಟಿಕೊಂಡಿತ್ತು. ಅದನ್ನು ಎಲ್ಲಿ ಹಚ್ಚಬೇಕೆಂದು ತಿಳಿಯದೆ, ಬೆರಳನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದಳು. ಪರದೆಯ ಮೇಲೆ ಮೂಟೆ ಆ ಕಡೆಗೆ, ಈ ಕಡೆಗೆ, ಸ್ವಲ್ಪ ಕಡಿಮೆ ಆ ಕಡೆಗೆ, ಇನ್ನೂ ಕಡಿಮೆ ಈ ಕಡೆಗೆ.