ಬಲಕ್ಕೆ ತಿರುಗಿದ ಹಸಿರು ಗೆರೆ

ಜ್ಯಾಕ್ ಮಾವನಿಗೆ ಆ ಹೆಸರು ಬಂದದ್ದು ಜ್ಯಾಕ್ ಇಲ್ಲದೆ ಕಾರು ಎತ್ತಿದ್ದಕ್ಕೆ. ಎತ್ತಿದ್ದು ಒಂದೇ ಮೂಲೆ, ಅದೂ ಇಂಜಿನ್ ಕಳಚಿಟ್ಟ ಕಾರು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಅವರ ಮಾತು ಬಿಡಿ. ಆತ ಬಿಗಿದ ನಲ್ಲಿಯನ್ನು ತಿರುಗಿಸಲಾಗದೆ ಮನೆಮಂದಿಯೆಲ್ಲ ಪಕ್ಕದ ಬೀದಿಯಿಂದ ನೀರು ಹೊತ್ತಿದ್ದುಂಟು. ಆತ ಮುಚ್ಚಿದ ಡಬ್ಬಿಯೊಳಗಿನ ಬಿಸ್ಕತ್ತು ಇವತ್ತಿಗೂ ಹೊರಗಿನ ಬೆಳಕು ಕಂಡಿಲ್ಲ.

ಅಂಥ ಮಾವ ಆ ಬೆಳಗ್ಗೆ ಬೆಟ್ಟದ ಬುಡದಲ್ಲಿ ನಿಂತಲ್ಲಿ ನಿಲ್ಲಲಾರದೆ ಕುಣಿಯುತ್ತಿದ್ದ. ಟೈರ್ ಅಂಗಡಿ ಇಟ್ಟಿದ್ದ ಅಕ್ಕನ ಮಗಳು ಪುಟ್ಟಿ, ಬೆಟ್ಟ ಹತ್ತುವ ಕಾರು ರೇಸಿಗೆ ಮೊದಲ ಬಾರಿ ಇಳಿದಿದ್ದಳು. ಒಬ್ಬೊಬ್ಬರೇ ಹೊರಡಬೇಕು. ಕರೆದಾಗ ಕಾರು ಹೊರಡುವ ಗೆರೆಯ ಮೇಲಿಲ್ಲದಿದ್ದರೆ ಈ ವರ್ಷದ ಆಸೆಗೆ ಅಲ್ಲೇ ಎಳ್ಳುನೀರು.

"ಇದೇನೇ, ಹೊಸ ಟೈರಿಗೆ ಯಾರೋ ಹಳದಿ ಬಣ್ಣ ಚೆಲ್ಲಿದಾರೆ? ಉಜ್ಜಿಬಿಡ್ಲಾ?"

"ಅಯ್ಯೋ, ಮುಟ್ಬೇಡ ಮಾವ! ಆ ಚುಕ್ಕೆ ಇರೋ ಕಡೆ ಟೈರು ಹಗುರ. ಗಾಳಿ ತುಂಬೋ ವಾಲ್ವ್ ಇರೋ ಕಡೆ ಚಕ್ರ ಭಾರ. ಎರಡನ್ನೂ ಒಟ್ಟಿಗೆ ಕೂರಿಸಿದ್ರೆ ಸರಿಹೋಗುತ್ತೆ."

"ನಾನು, ನಿಮ್ಮತ್ತೆ ಇದ್ದ ಹಾಗೆ ಅನ್ನು."

"ಹೂಂ. ಅದರಲ್ಲಿ ಹಗುರ ಯಾರು ಅಂತ ಮಾತ್ರ ನಾನು ಹೇಳಲ್ಲ."

ಪುಟ್ಟಿ ಬೋಲ್ಟುಗಳನ್ನು ಬಿಗಿಯತೊಡಗಿದಳು. ಅವಳ ಕೈಯಲ್ಲಿದ್ದದ್ದು ಅಳತೆಯ ಸ್ಪ್ಯಾನರ್. ಬೇಕಾದಷ್ಟು ಬಿಗಿಯಾದೊಡನೆ "ಟಕ್" ಎನ್ನುತ್ತದೆ. ಟಕ್ ಎಂದಾಗಲೆಲ್ಲ ಅವಳು ಕೈ ತೆಗೆದು, ಸಣ್ಣ ಕುಂಚದಿಂದ ಬೋಲ್ಟಿನ ತಲೆಯಿಂದ ಚಕ್ರದವರೆಗೆ ನೆಟ್ಟಗೆ ಒಂದು ಹಸಿರು ಗೆರೆ ಎಳೆದಳು.

"ಈ ಗೆರೆ ಮುರೀತು ಅಂದ್ರೆ ಬೋಲ್ಟು ಅಲುಗಿದೆ ಅಂತ," ಎಂದು ಹೇಳಿ, ಹೆಲ್ಮೆಟ್ ತರಲು ಹೋದಳು.

ಮಾವನಿಗೆ ಸಮಾಧಾನವಿರಲಿಲ್ಲ. ಟಕ್ ಅಂತೆ! ಒಂದು ಕಬ್ಬಿಣದ ತುಂಡು ಸಾಕು ಎಂದರೆ ಸಾಕಾಗಿಬಿಡುತ್ತದೆಯೇ? ಎತ್ತಿ ಆಡಿಸಿದ ಕೂಸು ಆ ಬೆಟ್ಟ ಹತ್ತುತ್ತಿದೆ! ಅತ್ತಿತ್ತ ನೋಡಿ ಉದ್ದ ಹಿಡಿಯ ಸ್ಪ್ಯಾನರ್ ಎತ್ತಿಕೊಂಡು, ಹಿಂದಿನ ಎಡ ಚಕ್ರದ ಐದೂ ಬೋಲ್ಟುಗಳಿಗೆ ಪ್ರೀತಿಯಿಂದ ಒಂದೊಂದು ಎಳೆತ ಕೊಟ್ಟ. ಭೂಮಿಯೇ ಒಂದಿಷ್ಟು ಬಿಗಿಯಾಯಿತು. ಉಳಿದ ಚಕ್ರಗಳಿಗೂ ಕೊಡುವವನಿದ್ದ. ಅಷ್ಟರಲ್ಲಿ ಅಕ್ಕ ಕಾಫಿಗೆ ಕರೆದಳು.

ಲೋಟ ಅರ್ಧವಾಗಿರಲಿಲ್ಲ, ಪುಟ್ಟಿಯ ಕೂಗು ಕೇಳಿತು. "ಗೆರೆ ಮುರಿದಿದೆ! ಐದೂ!"

ಮಾವನ ತಲೆಗೆ ರಕ್ತ ಏರಿದ ಸದ್ದು ಬೆಟ್ಟದ ತುದಿಗೂ ಕೇಳಿಸಿತಂತೆ. ತಾನು ಬಿಗಿದ ಬೋಲ್ಟನ್ನೂ ಸಡಿಲ ಮಾಡಿದ್ದಾರೆ ಎಂದರೆ! ಪಕ್ಕದಲ್ಲಿ ಅಂಥದ್ದೇ ಕಾರು ನಿಲ್ಲಿಸಿಕೊಂಡಿದ್ದ ಎದುರಾಳಿ ಮೀಸೆಯಪ್ಪನ ಕೊರಳಪಟ್ಟಿ ಆಗಲೇ ಮಾವನ ಮುಷ್ಟಿಯಲ್ಲಿತ್ತು.

"ಬೋಲ್ಟ್ ಕಳ್ಳ! ಹೆಣ್ಣುಮಗು ಮೇಲೆ ಗೆಲ್ಲೋಕೆ ಇದಾ ದಾರಿ?"

"ಬಿಡ್ರೀ! ನಿಮ್ಮ ಕಾರಿನ ನೆರಳೂ ತುಳಿದಿಲ್ಲ ನಾನು!"

"ಮಾವ, ಬಿಡು ಅವರನ್ನ." ಪುಟ್ಟಿ ಮಂಡಿಯೂರಿ ಚಕ್ರವನ್ನೇ ನೋಡುತ್ತಿದ್ದಳು. "ಬಿಚ್ಚಿದ್ರೆ ಬೋಲ್ಟಿನ ಮೇಲಿನ ಗೆರೆ ಎಡಕ್ಕೆ ತಿರುಗಬೇಕಿತ್ತು. ಇದು ಬಲಕ್ಕೆ ತಿರುಗಿದೆ. ಯಾರೋ ಬಿಗಿದಿದಾರೆ. ಬಿಚ್ಚೋ ಶತ್ರು ಇರ್ತಾನೆ. ಬಿಗಿಯೋ ಶತ್ರು ಎಲ್ಲಾದ್ರೂ ಇರ್ತಾನಾ?"

ಅಕ್ಕ ತಮ್ಮನ ಕಡೆ ತಿರುಗಿದಳು. ಅವಳೂ ಆ ನಲ್ಲಿಯ ದೆಸೆಯಿಂದ ನೀರು ಹೊತ್ತವಳೇ.

"ಒಂಚೂರು..." ಎಂದ ಮಾವ. ಮೀಸೆಯಪ್ಪನ ಕೊರಳಪಟ್ಟಿ ತಾನಾಗಿಯೇ ಸಡಿಲವಾಯಿತು.

ಪುಟ್ಟಿ ಬಯ್ಯಲೂ ನಿಲ್ಲಲಿಲ್ಲ. ಬಿಚ್ಚಲು ಹೋದಳು; ಅಲುಗಲಿಲ್ಲ. ಸ್ಪ್ಯಾನರ್ ಮೇಲೆ ಹತ್ತಿ ನಿಂತಳು, ಕಾರು ನಕ್ಕಂತಾಯಿತು. ಕೊನೆಗೆ ಬಿಗಿದವನೇ ಬಿಚ್ಚಬೇಕಾಯಿತು. ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ಮಾವ ಐದನ್ನೂ ಕಿತ್ತ. ಪುಟ್ಟಿ ಒಂದನ್ನು ಬೆಳಕಿಗೆ ಹಿಡಿದಳು. ಎಳೆದ ಎಳೆತಕ್ಕೆ ಬೋಲ್ಟಿನ ಕತ್ತು ಸಣ್ಣಗಾಗಿತ್ತು.

"ಮೇಲಿನ ತಿರುವಲ್ಲಿ ಇದು ಪಟ್ ಅನ್ನೋದು. ಹೊಸದು ಕೊಡು ಮಾವ."

ಹೊಸದು ಮನೆಯಲ್ಲಿತ್ತು. ತಿಂಡಿ ಬುಟ್ಟಿಗೆ ಜಾಗ ಸಾಲದೆಂದು ಮಾವನೇ ಬೋಲ್ಟಿನ ಡಬ್ಬಿ ಇಳಿಸಿಟ್ಟು ಬಂದಿದ್ದ. ಅತ್ತ ಮೈಕಿನಲ್ಲಿ ಪುಟ್ಟಿಗಿಂತ ಮುಂಚಿನವನ ಹೆಸರು ಕೂಗಿದರು.

ಆನೆಯಂಥ ಆಳು ಇಲಿಮರಿಯಾಗಿ ಮೀಸೆಯಪ್ಪನ ಮುಂದೆ ನಿಂತ. "ಅಣ್ಣಾ... ಐದು ಬೋಲ್ಟು..."

"ಓಹೋ! ಬೋಲ್ಟ್ ಕಳ್ಳನ ಹತ್ರ ಬೋಲ್ಟ್ ಕೇಳ್ತಿದೀರಾ?"

"ನನ್ನ ಕೊರಳಪಟ್ಟಿ ಹಿಡ್ಕೊಳಿ. ಹರಿದುಹಾಕಿ. ಬೋಲ್ಟ್ ಮಾತ್ರ ಕೊಡಿ."

ಮೀಸೆಯಪ್ಪ ಮೀಸೆಯ ತುದಿ ತಿರುವಿದ, ಕಾರಿನತ್ತ ನೋಡಿದ, ಡಬ್ಬಿ ತೆಗೆದ. "ಕೊಡ್ತೀನಿ. ಆದ್ರೆ ನನ್ನ ಬೋಲ್ಟಿಗೆ ನಿಮ್ಮ ಕೈ ತಗಲಬಾರದು."

ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಪುಟ್ಟಿ ಬಿಗಿದಳು. ಟಕ್. ಟಕ್. ಇನ್ನೂ ಒಂಚೂರು ಎಂದು ಮಾವನ ತೋಳು ಒದ್ದಾಡಿತು, ನಾಲಿಗೆ ಕಚ್ಚಿಕೊಂಡ. ಐದನೆಯ ಟಕ್ ಆದದ್ದೇ ಪುಟ್ಟಿ ಕುಂಚವನ್ನು ಅವನ ಮುಂದೆ ಚಾಚಿದಳು. "ಗೆರೆ ನೀನೇ ಎಳಿ."

ಕಾರು ಎತ್ತಿದ ಕೈ ಕುಂಚವನ್ನು ಹಾರೆಯ ಹಾಗೆ ಹಿಡಿಯಿತು. ಐದು ಗೆರೆಗಳೂ ಹಲ್ಲಿಬಾಲದ ಹಾಗೆ ಡೊಂಕಾಗಿದ್ದರೂ ಬೋಲ್ಟಿನಿಂದ ಚಕ್ರಕ್ಕೆ ಎಲ್ಲೂ ತುಂಡಾಗದೆ ಹರಿದವು. ಪುಟ್ಟಿಯ ಹೆಸರು ಕೂಗುವುದಕ್ಕೂ ಕಾರು ಹೊರಡುವ ಗೆರೆ ಮುಟ್ಟುವುದಕ್ಕೂ ಸರಿಹೋಯಿತು. ಬಾವುಟ ಬಿತ್ತು. ಕಾರು ಹೋದ ರಭಸಕ್ಕೆ ಮೀಸೆಯಪ್ಪನ ಮೀಸೆ ಒಂದು ಪಕ್ಕಕ್ಕೆ ವಾಲಿತು. ಒಂದೊಂದು ತಿರುವಿನ ಕಿರುಚಾಟಕ್ಕೂ ಮಾವ ಅಕ್ಕನ ಕೈ ಹಿಂಡಿದ.

"ಬಿಡೋ, ನನ್ನ ಕೈ ಬೋಲ್ಟಲ್ಲ!"

ಎಲ್ಲರ ಸರದಿಯೂ ಮುಗಿದಾಗ ಪುಟ್ಟಿ ಎರಡನೆಯವಳಾಗಿದ್ದಳು. ಕಾರು ಕೆಳಗಿಳಿದು ಬಂದಾಗ ಜನ ಅವಳನ್ನು ಮುತ್ತಿಕೊಂಡರು. ಮೊದಲನೆಯವನಾಗಿದ್ದ ಮೀಸೆಯಪ್ಪನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮಾವ ಮಾತ್ರ ಅಲ್ಲಿರಲಿಲ್ಲ. ಹಿಂದಿನ ಎಡ ಚಕ್ರದ ಮುಂದೆ ಧೂಳಿನಲ್ಲಿ ಮಕಾಡೆ ಮಲಗಿ, ಕೈಗಳನ್ನು ಬೆನ್ನ ಮೇಲೆಯೇ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದ.

"ಪುಟ್ಟೀ!" ಎಂದು ಬೆಟ್ಟ ಬಿರಿಯುವಂತೆ ಕೂಗಿದ. "ಐದೂ ಇದ್ದ ಹಾಗೇ ಇವೆ ಕಣೇ! ಡೊಂಕು ಕೂಡಾ!"