ಮೇಲಿನ ಕೆರೆಗೆ ಕೆಳಗಿನ ಗೇಣು

ಗೇಣಿಗಿಂತ ಚಿಕ್ಕ ಮೀನು ಸಿಕ್ಕಿದರೆ ನೀರಿಗೇ ಬಿಡಬೇಕು. ನಿಯಮ ಇಷ್ಟೇ. ಮೀನು ಇಲಾಖೆಯ ಸಾಹೇಬಮ್ಮ ಈ ಒಂದು ಮಾತಿನಿಂದ ಕೆಳಗಿನ ಕೆರೆಯನ್ನು ಬದುಕಿಸಿದ್ದಳು. ಬರೀ ಕೆಸರು ಬರುತ್ತಿದ್ದ ಬಲೆಗೆ ಮೊಳದುದ್ದದ ಮೀನು ಬೀಳತೊಡಗಿದಾಗ, ಹಿಡಿಶಾಪ ಹಾಕಿದ್ದವರೇ ಬಂದು ಕೈ ಮುಗಿದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ ಹೇಳಿ? ಅದೇ ನಿಯಮವನ್ನು ಬೆಟ್ಟದ ಮೇಲಿನ ಕೆರೆಗೂ ಹಾಕಿಸಿದಳು. ಹೋಗಿ ಮಾತ್ರ ನೋಡಲಿಲ್ಲ. ಅಲ್ಲಿ ಮೀನು ಹಿಡಿಯುವವರಲ್ಲಿ ಅವಳ ಒಡಹುಟ್ಟಿದ ಅಣ್ಣನೂ ಒಬ್ಬ. ಹೋದರೆ, ಅಣ್ಣನಿಗೆ ಬೇಕಾದ ಹಾಗೆ ನಿಯಮ ಮಾಡಿದಳು ಅಂತ ಜನ ಆಡಿಕೊಳ್ಳುತ್ತಾರೆ ಅನ್ನುವ ಭಯ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲು ಹೋಗಿ ತನ್ನ ಕಣ್ಣಿಗೇ ಬಟ್ಟೆ ಕಟ್ಟಿಕೊಂಡಳು, ಪುಣ್ಯಾತ್ಗಿತ್ತಿ!

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು. "ನಿಮ್ಮಣ್ಣ ದೋಣಿ ಮಾರಿಬಿಟ್ರು. ಇವತ್ತೇ ಬಂದು ತಗೊಂಡು ಹೋಗ್ತಾರಂತೆ. ನೀವಾದ್ರೂ ಬಂದು ಹೇಳಿ. ದೋಣಿ ಹೋದ್ರೆ ಈ ಮನುಷ್ಯ ಅರ್ಧ ಜೀವ ಆಗ್ತಾರೆ."

ಎದ್ದೆನೋ ಬಿದ್ದೆನೋ ಅಂತ ಬಂದಳು. ಅಣ್ಣ ದೋಣಿಯಲ್ಲೇ ಕೂತಿದ್ದ. "ಬಂದ್ಯಾ? ಹತ್ತು. ಕೊನೇ ಸಲ ಒಂದು ಸುತ್ತು ಹೋಗಿಬರೋಣ" ಅಂದ, ನಿನ್ನೆ ತಾನೇ ಕಂಡವಳಿಗೆ ಹೇಳುವ ಹಾಗೆ.

ಕೆರೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ಸ್ವಲ್ಪ ದೂರ ಹೋಗುತ್ತಲೇ ದಡ ಮಾಯವಾಯಿತು. ಮೇಲೂ ಬಿಳಿ, ಕೆಳಗೂ ಬಿಳಿ. ಅಣ್ಣ ಹುಟ್ಟು ಎತ್ತಿಟ್ಟ. ದೋಣಿ ತನ್ನ ಪಾಡಿಗೆ ತಾನು ತೇಲತೊಡಗಿತು. ತೇಲುತ್ತಿದೆಯೋ ನಿಂತಿದೆಯೋ ಅದೂ ತಿಳಿಯದು. ಅವಳಿಗೆ ಜೊಂಪು ಹತ್ತಿದ ಹಾಗಾಯಿತು. ಇಲಾಖೆ, ಕಡತ, ಮಾರಿದ ದೋಣಿ ಎಲ್ಲ ಇನ್ನಾರದೋ ಬದುಕಿನವು ಅನ್ನಿಸಿ, ಕೈಯನ್ನು ನೀರಿಗೆ ಇಳಿಬಿಟ್ಟಳು. ಬೆರಳಿಗೆ ಮೀನು ಮುತ್ತಿಕೊಂಡವು. ಅಬ್ಬಬ್ಬಾ, ನೀರಿಗಿಂತ ಮೀನೇ ಹೆಚ್ಚು! ಎಲ್ಲವೂ ಬೆರಳುದ್ದ. ತಲೆ ದಪ್ಪ, ಮೈ ಕಡ್ಡಿ.

"ಎಷ್ಟೊಂದು ಮರಿ ನೋಡಣ್ಣ! ಇನ್ನೊಂದು ವರ್ಷ ತಡ್ಕೋ. ಬೆಳೀತವೆ."

ಅಣ್ಣ ಬಗ್ಗಿ ದೋಣಿಯೊಳಗಿನ ನೀರು ಮೊಗೆದು ಚೆಲ್ಲಿದ.

ಒಂದನ್ನು ಬೊಗಸೆಯಲ್ಲಿ ಹಿಡಿದು ಹೊಟ್ಟೆಯನ್ನು ಮೆಲ್ಲಗೆ ಒತ್ತಿದಳು. ಅಂಗೈ ತುಂಬ ಹಳದಿ ಮೊಟ್ಟೆ. ಇನ್ನೊಂದನ್ನು ಹಿಡಿದಳು, ಅದರಲ್ಲೂ ಮೊಟ್ಟೆ. ಅದರ ಮೈಮೇಲಿನ ಹುರುಪೆಯೊಂದನ್ನು ಕಿತ್ತು, ಚೀಲದಲ್ಲಿದ್ದ ಭೂತಗನ್ನಡಿ ತೆಗೆದು ನೋಡಿದಳು. ಒಂದಕ್ಕೊಂದು ಒತ್ತಿಕೊಂಡ ಗೆರೆಗಳು, ವರ್ಷಕ್ಕೊಂದು. ಮರಿಯಲ್ಲ ಇದು, ಅಜ್ಜಿ! ಈ ತಣ್ಣನೆಯ ನೀರಲ್ಲಿ ಮೇವೇ ಕಮ್ಮಿ, ಗೇಣುದ್ದ ಬೆಳೆಯುವ ಮೀನೇ ಅಪರೂಪ. ಆ ಅಪರೂಪದ ದೊಡ್ಡವು ಚಿಕ್ಕವನ್ನು ತಿಂದು ಕೆರೆಯನ್ನು ಹದವಾಗಿ ಇಟ್ಟಿದ್ದವು. ಅವನ್ನು ಹಿಡಿಯಿರಿ, ಚಿಕ್ಕವನ್ನು ಬಿಡಿ ಅಂದವಳು ಇವಳೇ. ಬಿಟ್ಟವೆಲ್ಲ ಬಿಟ್ಟಲ್ಲೇ ಹಸಿದುಕೊಂಡು ಮುದಿಯಾಗಿದ್ದವು.

"ಅಣ್ಣ, ನಿಂಗೆ ಗೊತ್ತಾಗ್ಲಿಲ್ವಾ?"

"ಅನುಮಾನ ಇತ್ತು. ಕೆಳಗಿನ ಕೆರೇಲಿ ನಿನ್ನ ಮಾತು ನಿಜ ಆಯ್ತಲ್ಲ, ಇಲ್ಲೂ ಆಗುತ್ತೆ ಅನ್ಕೊಂಡೆ."

"ಬೇರೆಯವರು ಹೇಗೆ ಬದುಕಿದ್ರು?"

"ಕದ್ದು ಹಿಡಿದ್ರು."

"ನೀನೂ ಹಿಡೀಬಾರದಾಗಿತ್ತಾ?"

"ತಂಗಿ ಮಾಡಿದ ನಿಯಮ ಅಣ್ಣನೇ ಮುರಿದ್ರೆ, ಆಮೇಲೆ ನಿನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?"

ಅವಳಿಗೆ ಅಳು ಒತ್ತರಿಸಿ ಬಂತು. ದೋಣಿಯಿಂದಲೇ ಮೇಲಧಿಕಾರಿಗೆ ಫೋನ್ ಮಾಡಿದಳು. ಕೆರೆಗೊಂದು ನಿಯಮ ಮಾಡ್ತಾ ಕೂತರೆ ಆಯ್ತು ಬಿಡಿ, ಹೊಗಳಿಸಿಕೊಂಡವರೂ ನೀವೇ ಅಲ್ವಾ ಅಂತ ಆತ ರೇಗಿದ. "ಹೌದು ಸರ್, ತಪ್ಪು ಮಾಡಿದವಳೂ ನಾನೇ. ಊರೆದುರು ಹೇಳ್ತೀನಿ. ಈ ಕೆರೆಗೆ ಆ ನಿಯಮ ಬೇಡ" ಅಂದಳು.

ಮಂಜು ಕರಗುವಾಗ ದಡಕ್ಕೆ ಬಂದರು. ದೋಣಿ ಕೊಂಡವನ ಲಾರಿ ಆಗಲೇ ನಿಂತಿತ್ತು. ಅವಳು ಗೋಗರೆದಳು. ಅಣ್ಣನೇ ತಡೆದ: "ಕೊಟ್ಟ ಮಾತು ಕೊಟ್ಟಿದ್ದೇ, ಬಿಡು." ನಾಲ್ಕು ಜನ ಸೇರಿ ದೋಣಿ ಎತ್ತಿ ಹಾಕಿದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅಣ್ಣ ನೋಡುತ್ತ ನಿಂತ.

"ಬೇರೆ ದೋಣಿ ಕೊಡಿಸ್ತೀನಣ್ಣ, ಇದಕ್ಕಿಂತ ಒಳ್ಳೇದು."

"ದೋಣಿದೇನು ಮಹಾ" ಅಂದ ಅಣ್ಣ. "ಯಾರು ಏನಾದ್ರೂ ಅಂದ್ಕೊಳ್ಳಲಿ ಅಂತ ಒಂದ್ಸಲ ಮನೆಗೆ ಬರಬಾರದಾಗಿತ್ತಾ, ಪುಟ್ಟಿ?"