ಗಾಯ ಎಲ್ಲಿತ್ತು

ಆಚೆ ದಡದವರ ದನ ಹೊಡೆದುಕೊಂಡು ಬರಲು ಹೋಗಿದ್ದ ಹಡಗು ಮರಳಿದಾಗ ಅದರಲ್ಲಿ ಒಂದು ಕರುವೂ ಇರಲಿಲ್ಲ. ಲೆಯಾಗ್ರೋಸನನ್ನು ಅವನದೇ ಹೊದಿಕೆಯಲ್ಲಿ ಸುತ್ತಿ, ಎದೆಯ ಮೇಲೆ ಗುರಾಣಿಯಿಟ್ಟು ತಂದಿದ್ದರು. ಜೊತೆಗಾರರು ಅವನ ತಾಯಿ ಮಿರ್ತಿಸಳ ಮುಖ ನೋಡದೆ ಅಂಗಳದಲ್ಲಿ ಇಳಿಸಿ ಹೋದರು.

ನಮ್ಮ ದ್ವೀಪದಲ್ಲಿ ಸತ್ತವರ ಮೈ ತೊಳೆಯುವುದು ಹೆಂಗಸರ ಕೆಲಸ. ಅಷ್ಟು ಹೊತ್ತು ಗಂಡಸರು ಬಾಗಿಲಾಚೆ ಕಾಯಬೇಕು. ತೊಳೆದಾದ ಮೇಲೆ ತಾಯಿ ಹೊರಗೆ ಬಂದು ಗಾಯ ಎಲ್ಲಿತ್ತೆಂದು ಹೇಳುತ್ತಾಳೆ. ಎದೆಯಲ್ಲಿದ್ದರೆ ಕಡಲಿಗೆ ಚಾಚಿದ ಬಂಡೆಯ ಮೇಲೆ ಸುಟ್ಟು, ಬೂದಿಯ ಮೇಲೆ ದಿಬ್ಬ ಕಟ್ಟುತ್ತಾರೆ. ಹಬ್ಬದೂಟದಲ್ಲಿ ಹಾಡುಗಾರ ಆ ಹೆಸರು ಹಾಡುತ್ತಾನೆ. ಬೆನ್ನಲ್ಲಿದ್ದರೆ ಕುರಿಹಟ್ಟಿಯ ಹಿಂದೆ ಸುಡುತ್ತಾರೆ. ಆಮೇಲೆ ಆ ಹೆಸರನ್ನು ಮನೆಯವರೂ ಎತ್ತುವುದಿಲ್ಲ.

ಮಿರ್ತಿಸ್ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮಗನ ಮುಖ ಒರೆಸಿದಳು, ಕಿವಿಯ ಹಿಂದೆಯೂ ಒರೆಸಿದಳು. ಎದೆಯ ಮೇಲೆ ಒಂದು ಗೀರೂ ಇರಲಿಲ್ಲ. ನಾದಿನಿ ಫಿಲಿನ್ನಾ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಹೆಗಲೆಲುಬುಗಳ ನಡುವೆ ಈಟಿ ಹೊಕ್ಕಿತ್ತು.

ಮಿರ್ತಿಸ್ ಬಟ್ಟೆ ಹಿಂಡಿ ಗಾಯದ ಸುತ್ತ ಒರೆಸಿದಳು.

"ಹೆಬ್ಬಾತು ಅಟ್ಟಿಸ್ಕೊಂಡು ಬಂದ್ರೆ ನನ್ನ ಹಿಂದೆ ಬಚ್ಚಿಟ್ಕೊಳ್ತಿದ್ದ," ಎಂದಳು ಫಿಲಿನ್ನಾ. "ಇಂಥವನ ಕೈಗೆ ಈಟಿ ಕೊಟ್ಟನಲ್ಲ ನಮ್ಮಣ್ಣ."

"ಓಡೋದಂತೂ ಚೆನ್ನಾಗಿ ಓಡ್ತಿದ್ದ ಕಣೇ. ಈ ಸಲ ಯಾಕೋ ನಿಧಾನ ಆದ."

"ಎದೇಲಿ ಅಂದ್ಬಿಡು ಅತ್ತಿಗೆ. ನೋಡಿರೋದು ನಾವಿಬ್ರೇ."

"ಹಡಗಿನೋರು?"

"ಅವ್ರು ಇವನಿಗಿಂತ ಮುಂದೆ ಓಡಿರ್ತಾರೆ. ಬಾಯಿ ಬಿಡಲ್ಲ ಬಿಡು."

ಮಿರ್ತಿಸ್ ಗಾಯಕ್ಕೆ ಎಣ್ಣೆ ಹಚ್ಚಿ, ಉಣ್ಣೆ ತುಂಬಿ, ಬಿಳಿ ನಾರುಬಟ್ಟೆ ಸುತ್ತಿದಳು. ದಿಬ್ಬ ಅವಳಿಗೆ ಬೇಕಿರಲಿಲ್ಲ. ಆದರೆ ಲೆಯಾಗ್ರೋಸ್ ಎಂದು ಮನೆಯೊಳಗೆ ಒಮ್ಮೆಯೂ ಅನ್ನದೆ ಮುದುಕಿಯಾಗುವುದು ಹೇಗೆ?

ಗಂಡ ಎಖೆಲಾಸ್ ಹೊಸ್ತಿಲ ಬಳಿ ಕೂತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಕೇಳಿದ: "ಎದೇಲೇ ತಾನೆ?"

"ಎದೇಲೇ."

"ನನ್ನ ಮಗ ಅಲ್ವಾ," ಎಂದು ನೆಂಟರಿಗೆಲ್ಲ ಕೇಳುವಂತೆ ಹೇಳಿ ಎದ್ದು ನಿಂತ.

ಮಿರ್ತಿಸ್ ಮಗನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕೂತಳು. ಅಳುವ ಹೆಂಗಸರು ಅವಳ ಹಾಡಿನ ಮೊದಲ ಸಾಲಿಗೆ ಕಾಯುತ್ತಿದ್ದರು. "ಸಿಂಹದ ಹಾಗೆ ನಿಂತವನೇ, ಬೆನ್ನು ತೋರದವನೇ," ಎಂದು ಎತ್ತಿಕೊಟ್ಟಳು. ಅವರು ಎದೆ ಬಡಿದುಕೊಂಡು ಅದನ್ನೇ ಹಾಡಿದರು. ಹಾಡು ಏರಿದಷ್ಟೂ ಅವಳಿಗೆ ಯಾರದೋ ಮಗನಿಗಾಗಿ ಅಳುತ್ತಿರುವಂತೆ ಅನ್ನಿಸಿತು. ಹೆದರಿ ಮನೆಯ ಕಡೆ ತಿರುಗಿದ್ದ ತನ್ನ ಹುಡುಗನಿಗಾಗಿ ಅಲ್ಲಿ ಯಾರೂ ಅಳುತ್ತಿರಲಿಲ್ಲ.

ಬೆಳಿಗ್ಗೆ ಚಿತೆಗೆ ಒಯ್ಯಲು ಗಂಡಸರು ಬಂದರು. ತಲೆಯ ಕಡೆ ಎಖೆಲಾಸನೇ ನಿಂತ. ಹೆಗಲಡಿ ಕೈ ತೂರಿಸಿ ಎತ್ತಲು ಹೋದವನು ನಿಂತುಬಿಟ್ಟ. ಉಣ್ಣೆ ತೊಯ್ದು ಬಟ್ಟೆ ಒದ್ದೆಯಾಗಿತ್ತು. ಅವನ ಬೆರಳು ಅಲ್ಲಿ ಕುಸಿಯಿತು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಯಾಕಣ್ಣ, ಭಾರನಾ?" ಎಂದ ಕಾಲಿನ ಕಡೆಯಿದ್ದ ಅವನ ತಮ್ಮ.

ಎಖೆಲಾಸ್ ಅಂಗೈ ಅಗಲಿಸಿ ಆ ಜಾಗವನ್ನು ಪೂರ್ತಿ ಮುಚ್ಚಿದ.

"ಮೆಲ್ಲಗೆ ಎತ್ರೋ," ಎಂದ. "ಹುಡುಗನಿಗೆ ನೋವಾಗುತ್ತೆ."